ಕುಡುಗೋಲು ಕಣ ರೋಗ: ಒಂದು ಗಮನಿಕೆಯಿಂದ ಚಿಕಿತ್ಸೆಯವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರಯೋಗಾಲಯದಲ್ಲಿ ತಿಳಿದುಬಂದ ಸಂಗತಿಯೊಂದನ್ನು ರೋಗಿಗೆ ಕೊಡಬಹುದಾದ ಚಿಕಿತ್ಸೆಯಾಗಿ ಬೆಳೆಸುವ ಕೆಲಸವನ್ನು ವೈದ್ಯಲೋಕ ಟ್ರಾನ್ಸ್‌ಲೇಷನಲ್ ಸಂಶೋಧನೆ ಎಂದು ಕರೆಯುತ್ತದೆ. ಈ ಕೆಲಸ ಪ್ರಯೋಗಾಲಯದಲ್ಲೇ ಶುರುವಾಗುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಇತ್ತೀಚಿನ ಬಹುದೊಡ್ಡ ಯಶಸ್ಸೊಂದರ ಮೂಲ ಹುಡುಕುತ್ತ ಹೋದರೆ, ಮಕ್ಕಳ ವೈದ್ಯೆಯೊಬ್ಬರು ಹಸುಗೂಸುಗಳ ರಕ್ತದಲ್ಲಿ ಕಂಡ ಒಂದು ವಿಶೇಷದ ಬಳಿ ಹೋಗಿ ನಿಲ್ಲುತ್ತೇವೆ.

ಆ ಯಶಸ್ಸು ಕುಡುಗೋಲು ಕಣ ರೋಗಕ್ಕೆ ಸಂಬಂಧಿಸಿದ್ದು. ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ, ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆಗಳಲ್ಲಿ, ಎದೆಯಲ್ಲಿ ಸಹಿಸಲಾಗದ ನೋವು ಮತ್ತೆ ಮತ್ತೆ ಮರುಕಳಿಸುತ್ತದೆ. ವರ್ಷಗಳು ಕಳೆದಂತೆ ಮೂತ್ರಪಿಂಡ, ಮಿದುಳುಗಳಿಗೂ ಹಾನಿಯಾಗುತ್ತದೆ.

ಈ ರೋಗದೊಂದಿಗೆ ಹುಟ್ಟಿದ ಶಿಶುಗಳ ರಕ್ತಕಣಗಳು ಮೊದಲ ಕೆಲವು ತಿಂಗಳು ಅಷ್ಟಾಗಿ ಬಾಗುವುದಿಲ್ಲವೆಂಬುದನ್ನು ಅಮೆರಿಕದ ಜಾನೆಟ್ ವಾಟ್ಸನ್ 1948ರಲ್ಲಿ ಗುರುತಿಸಿದರು. ಗರ್ಭದಲ್ಲಿದ್ದಾಗ ತಯಾರಾದ ಬೇರೊಂದು ಬಗೆಯ ಹಿಮೋಗ್ಲೋಬಿನ್ ಆ ಶಿಶುಗಳನ್ನು ಕಾಪಾಡುತ್ತಿರಬೇಕೆಂದು ಅವರು ಸೂಚಿಸಿದರು. ಆ ಸೂಚನೆ ಸರಿಯಾಗಿತ್ತು. ಬೆಳೆದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಹೇರಳವಾಗಿ ಉಳಿದುಕೊಂಡವರಲ್ಲಿ ರೋಗದ ಕಾಟ ಬಹಳ ಕಡಿಮೆ ಎಂಬುದು ಮುಂದೆ ತಿಳಿಯಿತು. ಆ ಹಿಮೋಗ್ಲೋಬಿನ್ನನ್ನು ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ದೊರೆಯಿತು. ಹುಟ್ಟಿದ ನಂತರ ಭ್ರೂಣದ ಹಿಮೋಗ್ಲೋಬಿನ್ನಿನ ಉತ್ಪಾದನೆಯನ್ನು ತಡೆಹಿಡಿಯುವುದು ಬಿಸಿಎಲ್11ಎ ಎಂಬ ಪ್ರೋಟೀನ್ ಎಂಬುದು 2008ರಲ್ಲಿ ಸ್ಪಷ್ಟವಾಯಿತು.

ಹಾಗಾದರೆ ಆ ಪ್ರೋಟೀನಿನ ವಂಶವಾಹಿಯನ್ನೇ ಕೆಡಿಸಿಬಿಟ್ಟರೆ ಸಾಲದೇ? ಸಾಲದು, ನರಕೋಶಗಳಿಗೂ, ರೋಗನಿರೋಧಕ ಕೋಶಗಳಿಗೂ ಅದು ಬೇಕು. ಕೆಂಪು ರಕ್ತಕಣಗಳ ಪೀಳಿಗೆಯಲ್ಲಿ ಮಾತ್ರ ಆ ವಂಶವಾಹಿಯನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕನ್ನು 2013ರಲ್ಲಿ ಗುರುತಿಸಿದ ಮೇಲೆಯೇ ಸುರಕ್ಷಿತವಾದ ಗುರಿಯೊಂದು ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇಡೀ ಕಥನದ ಅತ್ಯಂತ ಮುಖ್ಯ ಘಟ್ಟ ಇದೇ, ಏಕೆಂದರೆ 2012ರಲ್ಲಿ ಬಂದ ಕ್ರಿಸ್ಪರ್ ತಂತ್ರ ಡಿಎನ್‌ಎಯನ್ನು ಕತ್ತರಿಸುವ ಸಾಧನವನ್ನು ಕೊಟ್ಟಿತ್ತಾದರೂ ಎಲ್ಲಿ ಕತ್ತರಿಸಬೇಕೆಂಬುದನ್ನು ಹೇಳಿದ್ದು ದಶಕಗಳ ಈ ತಾಳ್ಮೆಯ ಅಧ್ಯಯನ.

ರೋಗಿಯ ರಕ್ತದಿಂದ ಆಕರಕೋಶಗಳನ್ನು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳನ್ನು, ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಆ ತುಣುಕನ್ನು ಕತ್ತರಿಸಿ, ಪ್ರಬಲ ಕೀಮೋಥೆರಪಿಯಿಂದ ಅಸ್ಥಿಮಜ್ಜೆಯಲ್ಲಿ ಜಾಗ ತೆರವು ಮಾಡಿ, ತಿದ್ದಿದ ಕೋಶಗಳನ್ನು ಅದೇ ರೋಗಿಗೆ ಮರಳಿ ಸೇರಿಸುವುದು ಈ ಚಿಕಿತ್ಸೆಯ ಕ್ರಮ. ಕ್ಯಾಸ್ಗೆವಿ ಎಂಬ ಹೆಸರಿನ ಇದಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಮರುತಿಂಗಳು ಅಮೆರಿಕವೂ ಒಪ್ಪಿಗೆ ನೀಡಿದವು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ, ಸಾಕಷ್ಟು ಕಾಲ ಪರಿಶೀಲನೆಗೆ ಒಳಗಾದ 31 ರೋಗಿಗಳ ಪೈಕಿ 29 ಮಂದಿ ಸತತ ಒಂದು ವರ್ಷವಾದರೂ ತೀವ್ರ ನೋವಿನ ಆಘಾತವಿಲ್ಲದೆ ಕಳೆದರು. ಬಾಲ್ಯದಿಂದಲೂ ಆಸ್ಪತ್ರೆಗೂ ಮನೆಗೂ ಅಲೆದವರ ಪಾಲಿಗೆ ಆ ಒಂದು ವರ್ಷದ ಬೆಲೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಎಲ್ಲ ಸಂಶೋಧನೆಗಳೂ ಹೀಗೆ ದಡ ಸೇರುವುದಿಲ್ಲ. ಮಾನವ ಪರೀಕ್ಷೆಯ ಹಂತ ತಲುಪಿದ ಔಷಧಗಳಲ್ಲೂ ಹತ್ತರಲ್ಲಿ ಸುಮಾರು ಒಂಬತ್ತು ಒಪ್ಪಿಗೆ ಪಡೆಯದೆ ಉಳಿಯುತ್ತವೆ. ಇಲಿಯಲ್ಲಿ ಗುಣ ತೋರಿದ್ದು ಮನುಷ್ಯನಲ್ಲೂ ತೋರಬೇಕೆಂದೇನಿಲ್ಲ.

ಗೆದ್ದ ಚಿಕಿತ್ಸೆಗೂ ಇನ್ನೊಂದು ಹಾದಿ ಬಾಕಿಯಿರುತ್ತದೆ. ಕುಡುಗೋಲು ಕಣ ರೋಗದೊಂದಿಗೆ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಜನಿಸುವುದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ. ಈ ಚಿಕಿತ್ಸೆಗೆ ಬೇಕಾದ ಕಸಿ ಘಟಕಗಳು, ಶುದ್ಧ ಕೊಠಡಿಗಳು, ಪರಿಣತರು ಅಲ್ಲಿ ತೀರ ವಿರಳ. ಆದ್ದರಿಂದಲೇ ಕೋಶಗಳನ್ನು ಹೊರತೆಗೆಯದೆ, ಕೀಮೋಥೆರಪಿಯೂ ಇಲ್ಲದೆ, ಒಂದು ಚುಚ್ಚುಮದ್ದಿನಿಂದ ದೇಹದೊಳಗೇ ತಿದ್ದುಪಡಿ ಮಾಡುವ ಪ್ರಯತ್ನ ನಡೆಯುತ್ತಿದೆ. ಅಪರೂಪದ ಯಕೃತ್ತಿನ ಕಾಯಿಲೆಯಿದ್ದ ಶಿಶುವೊಂದಕ್ಕೆ 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಕೊಬ್ಬಿನ ಸೂಕ್ಷ್ಮಕಣಗಳ ಮೂಲಕ ಇಂಥ ಚಿಕಿತ್ಸೆಯನ್ನು ನೀಡಲಾಗಿದೆ. ಆ ಕಣಗಳು ಯಕೃತ್ತನ್ನು ಸುಲಭವಾಗಿ ಸೇರುತ್ತವೆ. ಅಸ್ಥಿಮಜ್ಜೆಯ ಆಕರಕೋಶಗಳನ್ನು ತಲುಪುವಂತೆ ಅವನ್ನು ರೂಪಿಸುವುದೇ ಈಗಿನ ಕಠಿಣ ಕೆಲಸ. ಅದು ಕೈಗೂಡುವವರೆಗೆ, ಹುಟ್ಟಿದ ಕೂಡಲೇ ರಕ್ತಪರೀಕ್ಷೆಯೂ ರೋಗವಿದ್ದವರಿಗೆ ಹೈಡ್ರಾಕ್ಸಿಯೂರಿಯಾವೂ ದೊರೆಯುವಂತೆ ನೋಡಿಕೊಂಡರೆ, ಇಂದೇ ಉಳಿಸಬಹುದಾದ ಮಕ್ಕಳು ಅನೇಕರಿದ್ದಾರೆ.

ನಮಸ್ಕಾರ.