ಒಂದು ಬಾಣಲೆಗೆ ಒಂದೇ ತಟ್ಟೆ ಮೀ ಗೋರೆಂಗ್

ನಮಸ್ಕಾರ. ಕ್ವಾಲಾಲಂಪುರಕ್ಕೆ ಬರುವ ಕನ್ನಡಿಗರು ಒಳ್ಳೆಯ ಮೀ ಗೋರೆಂಗ್, ಅಂದರೆ ಹುರಿದ ನೂಡಲ್ಸ್, ಎಲ್ಲಿ ಸಿಗುತ್ತದೆ ಎಂದು ಕೇಳುತ್ತಲೇ ಇರುತ್ತಾರೆ. ಹೆಸರಾದ ಹೋಟೆಲುಗಳ ಪಟ್ಟಿ ಅವರ ಮೊಬೈಲಿನಲ್ಲಿ ಮೊದಲೇ ಇರುತ್ತದೆ. ಅದನ್ನು ಬದಿಗಿಡಿ ಎನ್ನುತ್ತೇನೆ ನಾನು. ನೀವು ಇಳಿದುಕೊಂಡ ಬೀದಿಯಲ್ಲೇ ಒಂದು ಮಾಮಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ತಿಂಡಿ ಅಂಗಡಿ, ಇರುತ್ತದೆ. ಅಲ್ಲಿ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಹುರಿಯುತ್ತಿದ್ದರೆ ಧೈರ್ಯವಾಗಿ ಕುಳಿತುಕೊಳ್ಳಿ.

ನನ್ನ ಮೆಚ್ಚಿನ ಮೀ ಗೋರೆಂಗ್ ಸಿಕ್ಕಿದ್ದೂ ಹೀಗೆಯೇ, ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲಿ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಅಂಗಡಿಯಲ್ಲಿ. ಅಲ್ಲಿನ ಅಣ್ಣನ ಕೈಚಳಕವನ್ನು ನೋಡಬೇಕು. ಎಣ್ಣೆ ಹೊಗೆಯಾಡುವವರೆಗೂ ಅವರು ಏನನ್ನೂ ಹಾಕುವುದಿಲ್ಲ. ಬೆಳ್ಳುಳ್ಳಿಯ ಜೊತೆಗೆ, ಒಣಮೆಣಸಿನಕಾಯಿ ನೆನೆಸಿ ರುಬ್ಬಿದ ಖಾರ ಬಿದ್ದ ಕೂಡಲೇ ಘಾಟು ಮೂಗಿಗೇರುತ್ತದೆ. ಬೆನ್ನಿಗೇ ಬೇಯಿಸಿದ ಆಲೂಗಡ್ಡೆ, ಕರಿದ ತೋಫು, ಸೊಪ್ಪು, ದಪ್ಪ ಎಳೆಯ ಹಳದಿ ನೂಡಲ್ಸ್. ಕಪ್ಪು ಸೋಯಾ ಸಾಸನ್ನು ಸುರಿಯುವುದು ಬಾಣಲೆಯ ಕಾದ ಅಂಚಿಗೆ. ಅದು ಚುರ್ರೆಂದು ನೊರೆಯೆದ್ದು, ಸುಟ್ಟ ಬೆಲ್ಲದ ಪರಿಮಳ ಬಿಟ್ಟುಕೊಂಡೇ ಕೆಳಗಿಳಿಯುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಬದಿಗೆ ಸರಿಸಿ ಮೊಟ್ಟೆ ಒಡೆಯುತ್ತಾರೆ, ಅದು ಅರೆಗಟ್ಟಿಯಾದಾಗ ಮಗುಚುತ್ತಾರೆ, ಹೆಸರುಕಾಳಿನ ಉದ್ದ ಮೊಳಕೆ ಹಾಕಿ ಇಳಿಸಿಬಿಡುತ್ತಾರೆ. ತಟ್ಟೆಯ ಮೂಲೆಯಲ್ಲಿ ಒಂದು ಪುಟ್ಟ ಲಿಮಾವ್ ಕಸ್ತೂರಿ, ಇಲ್ಲಿನ ಘಮಘಮಿಸುವ ನಿಂಬೆ.

ಒಂದೇ ತಟ್ಟೆ ಎಂಬ ಹಟ ಯಾಕೆ? ನಾಲ್ಕೈದು ತಟ್ಟೆಯಷ್ಟನ್ನು ಒಟ್ಟಿಗೆ ಸುರಿದರೆ ಬಾಣಲೆಯ ಕಾವು ಇಳಿಯುತ್ತದೆ. ಸೊಪ್ಪು ಬಿಟ್ಟ ನೀರು ಆರುವುದಿಲ್ಲ. ನೂಡಲ್ಸ್ ಹುರಿಯುವ ಬದಲು ಆ ನೀರಿನಲ್ಲೇ ಬೇಯುತ್ತದೆ, ಮುದ್ದೆಯಾಗುತ್ತದೆ. ಆಮೇಲೆ ಎಷ್ಟು ಸಾಸ್ ಸುರಿದರೂ ಸಿಹಿ ಏರುತ್ತದೆಯೇ ಹೊರತು ರುಚಿ ಕುದುರುವುದಿಲ್ಲ. ದೊಡ್ಡ ಹೋಟೆಲುಗಳು ಸೋಲುವುದು ಇಲ್ಲಿಯೇ. ಜನ ಹೆಚ್ಚಾದಷ್ಟೂ ಬಾಣಲೆ ತುಂಬುತ್ತದೆ.

ಇದನ್ನು 'ಚೈನೀಸ್' ಎಂದು ತಳ್ಳಿಹಾಕುವ ನಮ್ಮವರ ಮಾತನ್ನೂ ನಾನು ಒಪ್ಪುವುದಿಲ್ಲ. 1786ರಲ್ಲಿ ಬ್ರಿಟಿಷರು ಈಗಿನ ಮಲೇಷ್ಯಾದ ದ್ವೀಪವಾದ ಪೆನಾಂಗ್‌ನಲ್ಲಿ ನೆಲೆಯೂರಿದ ಮೇಲೆ ತಮಿಳು ಮುಸ್ಲಿಮರು ಅಲ್ಲಿಗೆ ವ್ಯಾಪಾರಕ್ಕೆಂದು, ಕೂಲಿಗೆಂದು ಬಂದು ನಿಂತರು. ಅಲ್ಲಿನ ಜಾರ್ಜ್ ಟೌನ್‌ನ ಕಪಿತಾನ್ ಕೆಲಿಂಗ್ ಮಸೀದಿ ಅವರು ಕಟ್ಟಿಕೊಂಡ ಬದುಕಿಗೆ ಸಾಕ್ಷಿ. ಚೀನೀಯರ ಗೋಧಿ ನೂಡಲ್ಸನ್ನು ಹಂದಿಕೊಬ್ಬಿಲ್ಲದೆ, ತಮ್ಮ ನಾಲಿಗೆಗೆ ಒಗ್ಗುವ ಖಾರ ಹಾಕಿ ಬೇರೆಯದೇ ತಿನಿಸಾಗಿ ಮಾಡಿದವರು ಈ ಸಮುದಾಯದವರು. ಅದಕ್ಕೆ ಸಲ್ಲಬೇಕಾದ ಗೌರವ ಅವರಿಗೇ ಸಲ್ಲಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಮೊಟ್ಟೆ ಬೇಡ ಎಂದರಷ್ಟೇ ಸಾಲದು, ರುಬ್ಬಿದ ಖಾರದಲ್ಲಿ ಒಣ ಸೀಗಡಿ ಇರಬಹುದು. ತಮಿಳು ಬಂದರೆ ತಮಿಳಿನಲ್ಲೇ ಕೇಳಿ, ಬೇಸರಪಟ್ಟುಕೊಳ್ಳುವುದಿಲ್ಲ.

ಹೋಗುವುದಾದರೆ ಊಟದ ಗದ್ದಲ ಮುಗಿದ ಮೇಲೆ ಹೋಗಿ. ಎಷ್ಟೋ ಮಾಮಕ್ ಅಂಗಡಿಗಳು ರಾತ್ರಿಯಿಡೀ ತೆರೆದಿರುತ್ತವೆ, ಅವಸರವೇನಿಲ್ಲ. ಪಾರ್ಸೆಲ್ ಮಾತ್ರ ಕಟ್ಟಿಸಿಕೊಳ್ಳಬೇಡಿ, ಪೊಟ್ಟಣದ ಹಬೆಗೆ ನೂಡಲ್ಸ್ ಮೆತ್ತಗಾಗಿಬಿಡುತ್ತದೆ. ಒಂದು ತೆ ತಾರಿಕ್ (ಎತ್ತರದಿಂದ ಹೊಯ್ದು ನೊರೆ ಬರಿಸಿದ ಹಾಲಿನ ಚಹಾ) ಹೇಳಿ, ಅಲ್ಲೇ ಕುಳಿತು, ನಿಂಬೆ ಹಿಂಡಿಕೊಂಡು ತಿನ್ನಿ.