ಕಬ್ಬಿನ ಗದ್ದೆಗೆ ಹೋದವರು ಮತ್ತು ಜಠರದ ಕ್ಯಾನ್ಸರ್

ಮಂಡ್ಯದ ಬಂಧುಗಳೇ,

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಅಲ್ಲಿನ ಆಸ್ಪತ್ರೆಯ ಕಾಗದದಲ್ಲಿ ಅವರು 'ಏಷ್ಯನ್'. ಕೊರಿಯಾದವರೂ ಏಷ್ಯನ್, ಜಪಾನಿನವರೂ ಏಷ್ಯನ್, ಮದ್ದೂರಿನವರೂ ಏಷ್ಯನ್. ಜಠರದ ಕ್ಯಾನ್ಸರ್ ವಿಷಯದಲ್ಲಿ ಈ ಹಣೆಪಟ್ಟಿ ದಾರಿ ತಪ್ಪಿಸುತ್ತದೆ. ಅಲ್ಲಿ ನೆಲೆಸಿದ ಕೊರಿಯನ್ನರಲ್ಲಿ ಈ ಕಾಯಿಲೆ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು. ಭಾರತದಿಂದ ಹೋದವರಲ್ಲಿ ಹಾಗಿಲ್ಲ.

ಹಾಗಾದರೆ ಇದು ರಕ್ತದಲ್ಲೇ ಬಂದದ್ದೇ? 1885ರಿಂದ ಜಪಾನಿನ ಬಡ ರೈತರು ಹವಾಯಿಯ ಕಬ್ಬಿನ ತೋಟಗಳಿಗೆ ದೊಡ್ಡ ಸಂಖ್ಯೆಯಲ್ಲಿ ಕೂಲಿಗೆ ಹೋದರು. ಕಬ್ಬು ಕಡಿಯುವ ಕಷ್ಟ ನಿಮಗೆ ನಾನು ಹೇಳಬೇಕಿಲ್ಲ. ಹಾಗೆ ಹೋದವರಲ್ಲಿ ಜಠರದ ಕ್ಯಾನ್ಸರ್ ಸ್ವಲ್ಪ ಇಳಿಯಿತು, ಅಷ್ಟೇ. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಬಹಳ ಇಳಿಯಿತು. ರಕ್ತ ಅದೇ, ಬಾಲ್ಯ ಬೇರೆ.

ಬಾಲ್ಯ ಯಾಕೆ ಮುಖ್ಯವೆಂದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೋ ಕೊಳಕು ನೀರಿನಿಂದಲೋ ಹೊಟ್ಟೆ ಸೇರುತ್ತದೆ. ಸುತ್ತ ಅಮೋನಿಯ ಹುಟ್ಟಿಸಿಕೊಂಡು ಜಠರದ ಆಮ್ಲವನ್ನೇ ತಡೆದು ಬದುಕುತ್ತದೆ. ಚಿಕಿತ್ಸೆ ಕೊಡದಿದ್ದರೆ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ಅದು ತರುವ ಉರಿಯೂತದಿಂದ ಜಠರದ ಒಳಪದರ ತೆಳುವಾಗಿ, ಕರುಳಿನ ಪದರದಂತೆ ಬದಲಾಗಿ, ಕಡೆಗೆ ಕೆಲವರಲ್ಲಿ ಕ್ಯಾನ್ಸರ್ ಆಗಲು ದಶಕಗಳೇ ಬೇಕು. ಉಪ್ಪು ಹಾಕಿಟ್ಟ ಮೀನು, ಉಪ್ಪಿನಲ್ಲಿಟ್ಟ ತರಕಾರಿ ಆ ಪದರವನ್ನು ಇನ್ನಷ್ಟು ಕೆಡಿಸುತ್ತವೆ. ಇಪ್ಪತ್ತೈದನೇ ವಯಸ್ಸಿಗೆ ವಿಮಾನ ಹತ್ತಿದವನು ಅದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗಿರುತ್ತಾನೆ.

ನಮ್ಮಲ್ಲಿ ದೊಡ್ಡವರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಗೆ ಈ ಬ್ಯಾಕ್ಟೀರಿಯಾ ಇದೆ, ಆದರೂ ಕ್ಯಾನ್ಸರ್ ಜಪಾನ್, ಕೊರಿಯಾಗಿಂತ ತೀರಾ ಕಡಿಮೆ. ಇದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ಅದೇ ಭಾರತದ ಮಿಜೋರಾಂನಲ್ಲಿ ಪ್ರಮಾಣ ಬಹಳ ಹೆಚ್ಚು: ಹೊಗೆಯಾಡಿಸಿದ ಮಾಂಸ, ತಂಬಾಕು, ತಂಬಾಕಿನ ಹೊಗೆ ಹಾಯಿಸಿದ 'ತುಯಿಬುರ್' ಎಂಬ ನೀರು ಅಲ್ಲಿನ ಅಭ್ಯಾಸ. 'ಭಾರತೀಯ' ಎಂಬ ಹಣೆಪಟ್ಟಿಯೂ ಸಾಲದು ಅಂದ ಹಾಗಾಯಿತು.

ಈಗ ನಮ್ಮ ಅಡುಗೆಮನೆ. ಸೊಪ್ಪು, ಕಾಳು ಬೇಯಿಸಿದ ಉಪ್ಪುಸಾರಿಗೆ ಹೆದರಬೇಡಿ. ಒಣಮೀನು, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ದಿನಾ ತಟ್ಟೆಗೆ ಬೀಳದಿರಲಿ. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪಿನೊಳಗಿರಲಿ.

ನನಗೆ ಹೆಚ್ಚು ಚಿಂತೆ ಇರುವುದು ಗ್ಯಾಸ್ಟ್ರಿಕ್ ಮಾತ್ರೆಯ ಬಗ್ಗೆ. ಮೆಡಿಕಲ್ ಸ್ಟೋರಿನಿಂದ ಪ್ಯಾಂಟೊಪ್ರಜೋಲ್ ತಂದು ತಿಂಗಳುಗಟ್ಟಲೆ ನುಂಗಿದರೆ ಆರಂಭದ ಕ್ಯಾನ್ಸರಿನ ನೋವೂ ಅಡಗಿಬಿಡಬಹುದು. ಅರ್ಧ ಮುದ್ದೆಗೇ ಹೊಟ್ಟೆ ತುಂಬುವುದು, ತೂಕ ಇಳಿಯುವುದು, ಪದೇಪದೇ ವಾಂತಿ, ರಕ್ತಹೀನತೆ, ಡಾಂಬರಿನಂಥ ಕಪ್ಪು ಮಲ, ಇವು ಕಂಡರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿಯೇ ಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ತಂದೆ ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಆಗಿದ್ದರೆ ಕೇಳುವ ಮೊದಲೇ ತಿಳಿಸಿ.

ಬ್ಯಾಕ್ಟೀರಿಯಾ ಇದೆಯೋ ಎಂದು ಉಸಿರಿನಿಂದ ನೋಡುವ ಪರೀಕ್ಷೆಗೆ 2 ವಾರ ಮೊದಲೇ ಡಾಕ್ಟರನ್ನು ಕೇಳಿ ಗ್ಯಾಸ್ ಮಾತ್ರೆ ನಿಲ್ಲಿಸಬೇಕು, ಆಂಟಿಬಯಾಟಿಕ್ ಆದರೆ 4 ವಾರ. ನಿಲ್ಲಿಸದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಮೂರು ನಾಲ್ಕು ಬಗೆಯ ಮಾತ್ರೆ. ನಾಲ್ಕನೇ ದಿನಕ್ಕೆ ನೋವು ಹೋಯಿತೆಂದು ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆಮೇಲೆ ಔಷಧಿಗೆ ಬಗ್ಗದೇ ಹೋಗಬಹುದು. ಮುಗಿದು ಕನಿಷ್ಠ 4 ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿ. ರಕ್ತದ ಪರೀಕ್ಷೆ ಬೇಡ, ವಾಸಿಯಾದ ಮೇಲೂ ಅದು ಬಹುಕಾಲ ಪಾಸಿಟಿವ್ ತೋರಿಸುತ್ತದೆ. ಮರುಪರೀಕ್ಷೆಗೆ ಬರುವಾಗ, ನುಂಗಿದ ಮಾತ್ರೆಗಳ ಖಾಲಿ ಶೀಟುಗಳನ್ನು ಎಸೆಯದೆ ತನ್ನಿ.