ದೋಣಿಗೆ ಬೇಕಂತಲೇ ತೂತು ಯಾಕೆ? ಬೂಚು ಹಾಕೋದು ಮರೆತರೆ ಏನಾಗುತ್ತದೆ?

[ಉಣಕಲ್ ಕೆರೆ ದಡ, ಬೆಳಗಿನ ಹೊತ್ತು]

ನಮಸ್ಕಾರ್ರಿ! ಧಾರವಾಡದ ಒಬ್ಬ ಹುಡುಗ ಹೋದ ವಾರ ಒಂದು ಪ್ರಶ್ನೆ ಕಳಿಸಿದ್ದ. "ಅಣ್ಣಾ, ದಡದ ಮೇಲೆ ಎಳೆದಿಟ್ಟ ದೋಣಿ ನೋಡಿದೆ. ಹಿಂದುಗಡೆ, ತಳದ ಹತ್ತಿರ, ಹೆಬ್ಬೆರಳು ಹಿಡಿಸುವಷ್ಟು ದುಂಡನೆಯ ತೂತು ಇತ್ತು. ಒಡೆದದ್ದಲ್ಲ, ಯಾರೋ ನೀಟಾಗಿ ಮಾಡಿದ್ದು. ದೋಣಿಗೆ ಯಾರಾದ್ರೂ ತೂತು ಮಾಡ್ತಾರಾ?"

ಮಾಡ್ತಾರೆ. ಬೇಕಂತಲೇ ಮಾಡ್ತಾರೆ. ಅದನ್ನು ಮುಚ್ಚುವ ಸಾಮಾನಿಗೆ ಡ್ರೈನ್ ಪ್ಲಗ್ ಅಂತ ಹೆಸರು. ನಾವು ಬೂಚು ಅನ್ನೋಣ.

ಯಾಕೆ ಬೇಕು? ಮಳೆಗಾಗಿ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿ ದಡದಲ್ಲಿ ಬಯಲಿಗೆ ನಿಂತಿದೆ ಅಂದುಕೊಳ್ಳಿ. ರಾತ್ರಿ 50 ಮಿಲಿಮೀಟರ್ ಮಳೆ ಬಂತು. ಬೆಳಗ್ಗೆ ಅದರೊಳಗೆ ಹೆಚ್ಚುಕಡಿಮೆ 500 ಲೀಟರ್ ನೀರು! ಬೂಚು ತೆಗೆದಿಟ್ಟರೆ ಅಷ್ಟೂ ನೀರು ತಾನಾಗಿಯೇ ಹರಿದು ಹೋಗುತ್ತದೆ.

ನಮ್ಮ ಹರಿಗೋಲಿಗೆ ಈ ತೂತು ಇಲ್ಲ, ನೋಡಿ. ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ವರದಾ ಬಂದು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯ ದಂಡೆಯವರಿಗೆ ಹರಿಗೋಲು ಗೊತ್ತೇ ಇರುತ್ತದೆ. ಬಿದಿರಿನ ಬುಟ್ಟಿ ಅದು. ಕೆಲಸ ಮುಗಿದರೆ ದಂಡೆಗೆ ಎಳೆದು ಬೋರಲು ಹಾಕಿದರೆ ಆಯಿತು, ಮಳೆ ನೀರು ನಿಲ್ಲುವ ಮಾತೇ ಇಲ್ಲ. ಬೋರಲು ಹಾಕಲಾಗದಷ್ಟು ಭಾರದ ದೋಣಿ ಬಂದಾಗ ತೂತು ಬೇಕಾಯಿತು. ತೂತಿನ ಜೊತೆ ಬೂಚು ಬಂತು, ಬೂಚಿನ ಜೊತೆ ಮರೆವೂ ಬಂತು.

[ಕ್ಯಾಮೆರಾ ಹತ್ತಿರಕ್ಕೆ]

"ನಮಗೇನು, ನಮ್ಮಲ್ಲಿ ಸಮುದ್ರವೇ ಇಲ್ಲ" ಅನ್ನಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಗದಗ ಜಿಲ್ಲೆಯ ಕೊಣ್ಣೂರಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಅಂಥ ಹೊತ್ತಿನಲ್ಲಿ ಜನರನ್ನು ಕರೆತರೋದು ದೋಣಿಗಳೇ. ತಿಂಗಳುಗಟ್ಟಲೆ ಒಣಗಿ ನಿಂತ ದೋಣಿ, ಒಮ್ಮೆಲೇ ಬಂದ ಕರೆ, ಕತ್ತಲೆ, ಗಡಿಬಿಡಿ. ಬೂಚು ಮರೆಯೋಕೆ ಇದಕ್ಕಿಂತ ಬೇರೆ ಕಾರಣ ಬೇಕಾ? ಅದಕ್ಕೇ ಈ ವಿಷಯ ನನಗೆ ಸುಮ್ನೆ ಕುತೂಹಲದ್ದಲ್ಲ.

ಈಗ ಲೆಕ್ಕ. ತೂತು 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು. ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಕೆಳಗಿದೆ. ಒಳಗೆ ಬರುವ ನೀರು ನಿಮಿಷಕ್ಕೆ ಸುಮಾರು 35 ಲೀಟರ್. ಮನೆಗೆ ತರಿಸುವ 20 ಲೀಟರಿನ ಕ್ಯಾನ್ ಇದೆಯಲ್ಲ, ಅದು ಅರ್ಧ ನಿಮಿಷ ಚಿಲ್ಲರೆಯಲ್ಲಿ ತುಂಬಿತು! ಹತ್ತು ನಿಮಿಷಕ್ಕೆ 350 ಕಿಲೋ ಭಾರ, ಐದಾರು ಜನ ಬಂದು ಹತ್ತಿ ಕೂತ ಹಾಗೆ. ಆದರೆ ಸದ್ದೇ ಇಲ್ಲ. ನೆಲದ ಹಲಗೆಯ ಕೆಳಗೆ ತುಂಬುವುದರಿಂದ ಕಣ್ಣಿಗೂ ಬೇಗ ಬೀಳೋದಿಲ್ಲ.

ತೂತು ಆಳಕ್ಕೆ ಹೋದಷ್ಟೂ ನೀರು ಜೋರಾಗುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಮೇಲಂತಸ್ತಿನ ನಲ್ಲಿಗೆ ನೀರು ಸಣ್ಣಗೆ, ಕೆಳಮನೆಯ ನಲ್ಲಿಗೆ ಜೋರಾಗಿ ಬರುತ್ತದಲ್ಲ, ಹಾಗೆ. ಎಂಜಿನ್ ಇರೋದು ಹಿಂದೆ, ತೂತು ಇರೋದೂ ಹಿಂದೆ. ಭಾರಕ್ಕೆ ಹಿಂಬದಿ ತಗ್ಗುತ್ತದೆ, ತಗ್ಗಿದಷ್ಟೂ ನೀರು ಬೇಗ ಬರುತ್ತದೆ.

"ಪಂಪ್ ಇರುತ್ತಲ್ಲ?" ಅಂತೀರಿ. ಗಂಟೆಗೆ 500 ಗ್ಯಾಲನ್ ಎಂದು ಬರೆದ ಸಣ್ಣ ಪಂಪ್ ಎತ್ತೋದು ಸುಮಾರು 1,900 ಲೀಟರ್. ನಮ್ಮ ತೂತು ಗಂಟೆಗೆ 2,100 ಲೀಟರ್ ಬಿಡುತ್ತದೆ. ಪೈಪಿನಲ್ಲಿ ಮೇಲಕ್ಕೆ ಎತ್ತುವಾಗ ಪಂಪಿನ ಶಕ್ತಿ ಇನ್ನೂ ಕಡಿಮೆ. ಬ್ಯಾಟರಿ ನೀರಿಗೆ ಸಿಕ್ಕರೆ ಅದೂ ಇಲ್ಲ.

[ಹಳ್ಳಿಯ ಮಣ್ಣಿನ ರಸ್ತೆ, ಬಸ್ಸು ಹೋಗುವ ದೃಶ್ಯ]

ಈಗ ನನಗೆ ಅತಿ ಇಷ್ಟವಾದ ಸಂಗತಿ. ಬೇಸಿಗೆಯಲ್ಲಿ ಮಣ್ಣಿನ ರಸ್ತೆಯ ಮೇಲೆ ಹೋಗುವ ಬಸ್ಸನ್ನು ಹಿಂದಿನಿಂದ ನೋಡಿ. ಧೂಳು ಅಕ್ಕಪಕ್ಕ ಹಾರಿ ಹೋಗೋದು ಬಿಟ್ಟು ಬಸ್ಸಿನ ಬೆನ್ನಿಗೇ ಅಂಟಿಕೊಂಡು ಓಡುತ್ತದೆ. ಮುಂದಿನ ಗಾಜಿಗಿಂತ ಹಿಂದಿನ ಗಾಜೇ ಹೆಚ್ಚು ಕೆಂಪಾಗಿರುತ್ತದೆ. ಬಸ್ಸು ಗಾಳಿಯನ್ನು ಸೀಳಿಕೊಂಡು ಮುಂದೆ ಹೋದಾಗ ಅದರ ಬೆನ್ನ ಹಿಂದೆ ಜಾಗ ಖಾಲಿಯಾದಂತೆ ಆಗುತ್ತದೆ. ಅಲ್ಲಿ ಒತ್ತಡ ಕಡಿಮೆ. ಸುತ್ತಲಿನ ಗಾಳಿ ಧೂಳನ್ನೂ ಕಟ್ಟಿಕೊಂಡು ಅಲ್ಲಿಗೆ ನುಗ್ಗುತ್ತದೆ.

ದೋಣಿಯ ಬೆನ್ನ ಹಿಂದೆಯೂ ಹೀಗೇ. ವೇಗದ ಮೋಟಾರ್ ದೋಣಿ ಮೂತಿ ಎತ್ತಿ ನೀರಿನ ಮೇಲೆ ಜಾರತೊಡಗಿದಾಗ ಅದರ ಹಿಂಬದಿಯ ಹಲಗೆಯ ಹತ್ತಿರ ನೀರು ಕೂಡಿಕೊಳ್ಳುವಷ್ಟರಲ್ಲಿ ದೋಣಿ ಮುಂದೆ ಹೋಗಿಬಿಟ್ಟಿರುತ್ತದೆ. ಆ ತೂತಿನ ಹೊರಗೆ ಈಗ ಕೆರೆಯ ಒತ್ತಡವೇ ಇಲ್ಲ. ಮೂತಿ ಮೇಲೆದ್ದಿದ್ದರಿಂದ ಒಳಗಿನ ನೀರೆಲ್ಲ ಹಿಂದಕ್ಕೆ ಹರಿದು ಬಂದು ಅದೇ ತೂತಿನಿಂದ ಹೊರಗೆ ಸುರಿಯುತ್ತದೆ! ನಿಂತಾಗ ದೋಣಿಯನ್ನು ಮುಳುಗಿಸುವ ತೂತು, ಓಡುವಾಗ ಅದನ್ನು ಖಾಲಿ ಮಾಡುತ್ತದೆ. ಇದನ್ನು ಮೊದಲ ಸಲ ತಿಳಿದಾಗ ನಾನು ಆ ಬಸ್ಸಿನ ವಿಡಿಯೋವನ್ನು ಹತ್ತು ಸಲ ನೋಡಿದ್ದೆ.

ಆದರೆ ಎಚ್ಚರ. ನೀರು ಜಾಸ್ತಿ ತುಂಬಿ ಭಾರವಾದ ದೋಣಿ ಆ ವೇಗಕ್ಕೆ ಏಳೋದೇ ಇಲ್ಲ. ಎದ್ದರೂ, ಬೂಚು ಹಾಕದೆ ನಿಲ್ಲಿಸಿದ ಗಳಿಗೆಗೆ ನೀರು ಮತ್ತೆ ಒಳಗೆ. ಹಾಯಿಗಿರಿ, ಹುಟ್ಟಿಗಿರಿ, ಪೆಡಲ್ಲಿಗಿರಿ, ನಿಧಾನದ ದೋಣಿಗೆ ಈ ಉಪಾಯ ನಡೆಯೋದಿಲ್ಲ.

[ಸಮಯ ಕಡಿಮೆ ಇದೆ, ಬೇಗ ಹೇಳ್ತೀನಿ]

ನಡುನೀರಿನಲ್ಲಿ ಗೊತ್ತಾದರೆ ಮೊದಲು ಎಲ್ಲರಿಗೂ ಲೈಫ್ ಜಾಕೆಟ್. ಬೂಚು ಒಳಗಿನಿಂದಲೇ ಹಾಕುವಂತಿದ್ದರೆ ಹಾಕಿ. ಇಲ್ಲದಿದ್ದರೆ ಬಟ್ಟೆ ಸುತ್ತಿದ ಮೊನೆಯ ಕಟ್ಟಿಗೆ ತುರುಕಿ. ಅದೂ ಇಲ್ಲದಿದ್ದರೆ ಬರೀ ಬಟ್ಟೆ, ಹೆಬ್ಬೆರಳು, ಕೈಗೆ ಸಿಕ್ಕಿದ್ದು. ಒಬ್ಬಿಬ್ಬರು ಮೆಲ್ಲಗೆ ಮುಂದೆ ಸರಿದು ಕೂತರೆ ಹಿಂಬದಿ ಸ್ವಲ್ಪ ಏಳುತ್ತದೆ, ನೀರಿನ ಜೋರು ಇಳಿಯುತ್ತದೆ. ಎಲ್ಲರೂ ಒಮ್ಮೆಲೇ ಏಳಬೇಡಿ, ಒಳಗಿನ ನೀರು ಒಂದೇ ಕಡೆಗೆ ವಾಲಿ ದೋಣಿ ಮಗುಚಬಹುದು. ಹೊರಗಿನಿಂದ ಕೈ ಹಾಕುವುದಾದರೆ ಎಂಜಿನ್ ಬಂದ್ ಮಾಡಿಯೇ ಹಾಕಿ, ಪಂಖ ಅಲ್ಲೇ ತಿರುಗುತ್ತಿರುತ್ತದೆ.

ಮರೆಯದ ಹಾಗೆ ಏನು ಮಾಡೋದು? ಬೂಚು ತೆಗೆದ ತಕ್ಷಣ ಎಂಜಿನ್ ಕೀಲಿಗೆ ದಾರದಿಂದ ಕಟ್ಟಿ. ಇನ್ನೊಂದು ಬೂಚು ದೋಣಿಯಲ್ಲೇ ಇರಲಿ. ಕೆಲವು ದೋಣಿಗೆ ಎರಡು ಮೂರು ತೂತು ಇರುತ್ತವೆ, ಎಣಿಸಿ. ಬೂಚಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ನೀರಿಗೆ ಇಳಿಸಿದ ಮೇಲೆ, ದೋಣಿ ಹೊತ್ತು ತಂದ ಟ್ರೇಲರಿನ ಹಗ್ಗ ಬಿಚ್ಚದೆ ಎರಡು ನಿಮಿಷ ಕಾಯಿರಿ, ಹಲಗೆ ಎತ್ತಿ ತಳ ನೋಡಿ. ಬೂಚು ಮರೆತಿದ್ದರೆ ಅಷ್ಟರಲ್ಲಿ ಮೂರು ನಾಲ್ಕು ಕ್ಯಾನ್ ನೀರು ಬಂದಿರುತ್ತದೆ, ಕಾಣದೇ ಇರೋದಿಲ್ಲ. ಟ್ರೇಲರನ್ನು ಹಾಗೇ ಹಿಂದಕ್ಕೆ ಎಳೆದರೆ ಬಂದ ದಾರಿಯಲ್ಲೇ ನೀರು ಹೋಗುತ್ತದೆ.

ಧಾರವಾಡದ ತಮ್ಮಾ, ನಿನಗೊಂದು ಕೆಲಸ. ಹಳೆಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕಾದ ಮೊಳೆಯಿಂದ ತೂತು ಮಾಡು. ಮನೆಯಲ್ಲಿ ದೊಡ್ಡವರು ಜೊತೆಗಿರಲಿ. ಬಕೆಟ್ ನೀರಿನಲ್ಲಿ ಒಮ್ಮೆ ಖಾಲಿ ಬಿಡು, ಇನ್ನೊಮ್ಮೆ ನಾಲ್ಕು ಕಲ್ಲು ಹಾಕಿ ಬಿಡು. ಯಾವುದು ಎಷ್ಟು ಸೆಕೆಂಡಿಗೆ ಮುಳುಗಿತು, ಬರೆದು ಕಳಿಸು.